ಪೆಟ್ಟಿಗೆ ಸಿದ್ಧವಾದರೆ ಸಾಲದು: ಸ್ಟ್ರೀಮಿಂಗ್ ಸಾಧನಗಳ ಪೈಪೋಟಿ ಮತ್ತು ಬಿಡುಗಡೆಯ ಮುಹೂರ್ತ

2008ರ ಜನವರಿ 14 ಮತ್ತು 15, ಈ ಎರಡು ದಿನಾಂಕಗಳಿಂದ ಮಾತು ಆರಂಭಿಸುತ್ತೇನೆ. ಜನವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ಸಮಾವೇಶದಲ್ಲಿ ಆ್ಯಪಲ್ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರು ಕಂಪನಿಯ ಆನ್‌ಲೈನ್ ಅಂಗಡಿ ಐಟ್ಯೂನ್ಸ್ ಮೂಲಕ ಸಿನಿಮಾಗಳನ್ನು ಬಾಡಿಗೆಗೆ ಕೊಡುವ ಸೇವೆಯನ್ನು ಪ್ರಕಟಿಸಿದರು, ಅದರ ಜೊತೆಗೇ ಟಿವಿಗೆ ಜೋಡಿಸುವ ಪೆಟ್ಟಿಗೆಯಾದ ಆ್ಯಪಲ್ ಟಿವಿಯ ಬೆಲೆಯನ್ನು 299 ಡಾಲರ್‌ಗಳಿಂದ 229ಕ್ಕೆ ಇಳಿಸಿದರು. ಅದಕ್ಕೆ ಸರಿಯಾಗಿ ಒಂದು ದಿನ ಮೊದಲು ನೆಟ್‌ಫ್ಲಿಕ್ಸ್ ತನ್ನ ಬಹುತೇಕ ಚಂದಾದಾರರಿಗೆ ವಿಧಿಸಿದ್ದ, ತಿಂಗಳಿಗೆ ಇಷ್ಟೇ ಗಂಟೆ ಆನ್‌ಲೈನ್‌ನಲ್ಲಿ ನೋಡಬೇಕೆಂಬ ಮಿತಿಯನ್ನು ತೆಗೆದುಹಾಕಿತು. ಅಂದಿನ ಪತ್ರಿಕೆಗಳು ಇದನ್ನು ಆ್ಯಪಲ್‌ಗೆ ಮುಂಗಡವಾಗಿ ಕೊಟ್ಟ ಉತ್ತರವೆಂದೇ ಓದಿದವು. ನೆಟ್‌ಫ್ಲಿಕ್ಸ್ ಆ ದಿನ ಯಾವ ಹೊಸ ಯಂತ್ರವನ್ನೂ ತರಲಿಲ್ಲ. ಪ್ರತಿಸ್ಪರ್ಧಿ ಮರುದಿನ ವೇದಿಕೆ ಏರಲಿದ್ದಾನೆ ಎಂಬುದನ್ನು ತಿಳಿದು, ತನ್ನ ಒಂದು ನಿಯಮವನ್ನು ಸಡಿಲಿಸಿತು, ಅಷ್ಟೆ.

ಟಿವಿಗೆ ಜೋಡಿಸಿ ಇಂಟರ್ನೆಟ್ ಮೂಲಕ ಸಿನಿಮಾ, ಧಾರಾವಾಹಿ, ಕ್ರಿಕೆಟ್ ನೋಡುವ ಈ ಪುಟ್ಟ ಸಾಧನಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಯಾರು ಮೊದಲು ತಂದರು, ಯಾರ ಚಿಪ್ ವೇಗವಾಗಿತ್ತು ಎಂದು ಲೆಕ್ಕ ಹಾಕುತ್ತಾರೆ. ಹದಿನೈದು ಇಪ್ಪತ್ತು ವರ್ಷಗಳ ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಬೇರೆ. ಇಲ್ಲಿ ಮೊದಲು ಬಂದವರಿಗೆ ಹೇಳಿಕೊಳ್ಳುವಂಥ ಲಾಭವೇನೂ ಆಗಿಲ್ಲ. ಸಾಧನವು ಅಂಗಡಿಗೆ ಬಂದ ದಿನ ಅದರಲ್ಲಿ ನೋಡಲು ಸಾಕಷ್ಟು ಸರಕು ಇತ್ತೇ, ಆ ಸರಕನ್ನು ಟಿವಿ ಪರದೆಯ ಮೇಲೆ ತೋರಿಸಲು ಅದರ ಒಡೆಯರ ಒಪ್ಪಿಗೆ ಇತ್ತೇ ಎಂಬುದೇ ಮತ್ತೆ ಮತ್ತೆ ಸೋಲು ಗೆಲುವನ್ನು ನಿರ್ಧರಿಸಿದೆ.

ಮೊದಲಿಗೆ, ಬಿಡುಗಡೆಯ ದಿನ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ನೋಡೋಣ. ಅಮೆರಿಕದಲ್ಲಿ ಇಂತಹ ಸಾಧನಗಳ ಮಾರಾಟದ ಸುಗ್ಗಿಯೆಂದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕ್ರಿಸ್‌ಮಸ್‌ವರೆಗಿನ ವಾರಗಳು. ಆ ಹೊತ್ತಿಗೆ ಸಾಧನ ಅಂಗಡಿಯ ಕಪಾಟಿನಲ್ಲಿ ಇರಬೇಕಾದರೆ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ಅದನ್ನು ಪ್ರಕಟಿಸಬೇಕು, ಅದಕ್ಕೂ ತಿಂಗಳುಗಳ ಮೊದಲು ಚಿಪ್‌ಗಳಿಗೆ ಆರ್ಡರ್ ಕೊಟ್ಟಿರಬೇಕು, ಪ್ಲಾಸ್ಟಿಕ್ ಕವಚದ ಅಚ್ಚು ತಯಾರಾಗಿರಬೇಕು, ಚೀನಾದ ಕಾರ್ಖಾನೆಯಲ್ಲಿ ಜೋಡಣೆಯ ಸಾಲು ಕಾಯ್ದಿರಿಸಿರಬೇಕು. ವೈಫೈ ಇರುವ ಸಾಧನಕ್ಕೆ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ನ ಅನುಮೋದನೆ ಬೇಕು. ಆ ಕಡತಗಳ ಒಂದು ಭಾಗ ಸಾರ್ವಜನಿಕವಾದದ್ದರಿಂದ ಪ್ರತಿಸ್ಪರ್ಧಿಗಳೂ ಪತ್ರಕರ್ತರೂ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುತ್ತಾರೆ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಪಟ್ಟಿಯಿಂದ ಹೊಸ ಮೊಬೈಲುಗಳ ಸುದ್ದಿ ಮೊದಲೇ ಹೊರಬೀಳುತ್ತದಲ್ಲ, ಅದೂ ಹೀಗೆಯೇ. ಇಷ್ಟೆಲ್ಲ ಆದ ಮೇಲೂ ನೆಟ್‌ಫ್ಲಿಕ್ಸ್‌ನಂತಹ ಸೇವೆಗಳು ತಮ್ಮದೇ ಪರೀಕ್ಷೆಗಳನ್ನು ನಡೆಸಿ, ಆ ಸಾಧನದಿಂದ ವಿಡಿಯೊ ಕಳುವಾಗುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ ಒಪ್ಪಿಗೆ ಕೊಡುತ್ತವೆ. ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣವಾದರೆ ಕಾರ್ಖಾನೆ ಕಾಯಬೇಕು, ಕಾರ್ಖಾನೆ ಕಾದರೆ ಹಬ್ಬ ಕಳೆದುಹೋಗುತ್ತದೆ.

ಇದರಲ್ಲಿ ಹೊರಗಿನವರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿಯೂ ಇದೆ. ತಯಾರಕರು ಬೆಲೆ ಇಳಿಸಿದಾಗ, ಹಳೆಯ ಬೆಲೆಗೆ ಸರಕು ತರಿಸಿ ದಾಸ್ತಾನು ಮಾಡಿಕೊಂಡಿರುವ ಅಂಗಡಿಯವರಿಗೆ ಆ ವ್ಯತ್ಯಾಸವನ್ನು ತುಂಬಿಕೊಡುವ ಪದ್ಧತಿ ಈ ವ್ಯಾಪಾರದಲ್ಲಿದೆ. ಆದ್ದರಿಂದ ಪ್ರತಿಸ್ಪರ್ಧಿ ಬೆಲೆ ಇಳಿಸಿದ ಕೂಡಲೇ ನಾವೂ ಇಳಿಸೋಣ ಎಂಬುದು ಬಾಯಿಮಾತಿನಷ್ಟು ಸುಲಭವಲ್ಲ. ಕಪಾಟಿನಲ್ಲಿರುವ ಪ್ರತಿಯೊಂದು ಪೆಟ್ಟಿಗೆಯೂ ಕಂಪನಿಯ ಲೆಕ್ಕದಲ್ಲಿ ಸಾಲವಾಗಿ ಮಾರ್ಪಡುತ್ತದೆ. ಹೊಸ ಮಾದರಿಯನ್ನು ಬಹಳ ಮುಂಚೆ ಪ್ರಕಟಿಸಿದರೂ ಇದೇ ಕಷ್ಟ, ಏಕೆಂದರೆ ಹಳೆಯದನ್ನು ಯಾರೂ ಕೊಳ್ಳುವುದಿಲ್ಲ. ಆ್ಯಪಲ್ ತನ್ನ ಮೊದಲ ಟಿವಿ ಪೆಟ್ಟಿಗೆಯನ್ನು 2006ರ ಸೆಪ್ಟೆಂಬರ್‌ನಲ್ಲಿಯೇ ತೋರಿಸಿ 2007ರ ಮಾರ್ಚ್‌ನಲ್ಲಿ ಮಾರಾಟಕ್ಕೆ ತಂದಿತು. ಗುಟ್ಟಿಗೆ ಹೆಸರಾದ ಆ ಕಂಪನಿ ಆರು ತಿಂಗಳು ಮುಂಚೆ ಬಾಯಿ ಬಿಡಲು ಸಾಧ್ಯವಾದದ್ದು, ಅದಕ್ಕೆ ಕಳೆದುಕೊಳ್ಳಲು ಹಳೆಯ ಟಿವಿ ಪೆಟ್ಟಿಗೆ ಯಾವುದೂ ಇರಲಿಲ್ಲ ಎಂಬ ಕಾರಣಕ್ಕೆ.

ಆ ಮೊದಲ ಆ್ಯಪಲ್ ಟಿವಿಯ ಹಿಂಭಾಗವನ್ನು ಒಮ್ಮೆ ಗಮನಿಸಿ. ಎಚ್‌ಡಿಎಂಐ ಮತ್ತು ಕಾಂಪೊನೆಂಟ್ ಕಿಂಡಿಗಳಿವೆ. ಹಳೆಯ ಟಿವಿಗಳಿಗೆ ಬೇಕಾದ, ಹಳದಿ ಪಿನ್ನಿನ ಕಾಂಪೋಸಿಟ್ ಕಿಂಡಿ ಇಲ್ಲ. ಅಂದರೆ ಅಗಲ ಪರದೆಯ ಹೊಸ ಟಿವಿ ಇದ್ದವರು ಮಾತ್ರ ಇದನ್ನು ಕೊಳ್ಳಬೇಕು. 40 ಜಿಬಿ ಹಾರ್ಡ್ ಡಿಸ್ಕ್ ಇತ್ತು, ಐಟ್ಯೂನ್ಸ್‌ನಲ್ಲಿ ಕೊಂಡದ್ದನ್ನು ಕಂಪ್ಯೂಟರ್‌ನಿಂದ ಅದಕ್ಕೆ ಇಳಿಸಿಕೊಳ್ಳಬೇಕಿತ್ತು. ಐಫೋನ್ ಪ್ರಕಟವಾದ ದಿನವೇ, 2007ರ ಜನವರಿ 9ರಂದೇ, ಇದರ ಬೆಲೆಯೂ ಮಾರಾಟದ ವಿವರವೂ ಪ್ರಕಟವಾದವು. ಆ ದಿನ ಇದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ ಎಂದರೆ ಆಶ್ಚರ್ಯವಿಲ್ಲ. ಮುಂದೆ ಜಾಬ್ಸ್ ಅವರೇ ಇದನ್ನು ಕಂಪನಿಯ ಹವ್ಯಾಸ ಎಂದು ಕರೆದರು. 2010ರ ಜೂನ್‌ನಲ್ಲಿ ಅವರು ಕೊಟ್ಟ ವಿವರಣೆ ಹೆಚ್ಚು ಮುಖ್ಯವಾದದ್ದು. ಕೇಬಲ್ ಕಂಪನಿಗಳು ಸೆಟ್ ಟಾಪ್ ಬಾಕ್ಸನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿ, ತಿಂಗಳ ಬಾಡಿಗೆಯಲ್ಲಿ ಸೇರಿಸಿ ಕೊಡುತ್ತಿರುವಾಗ, ಇನ್ನೊಂದು ಪೆಟ್ಟಿಗೆಗೆ ಕೈಯಿಂದ ಹಣ ಕೊಡಲು ಜನ ಮುಂದಾಗುವುದಿಲ್ಲ ಎಂಬುದು ಆ ವಿವರಣೆಯ ಸಾರ.

ಇದೇ ಕಾಲದಲ್ಲಿ ನೆಟ್‌ಫ್ಲಿಕ್ಸ್‌ನ ಒಳಗೆ ನಡೆದದ್ದು ಈ ವಿಷಯದ ವಿದ್ಯಾರ್ಥಿಗಳೆಲ್ಲರೂ ಬಿಡಿಬಿಡಿಯಾಗಿ ಪರಿಶೀಲಿಸಬೇಕಾದ ಘಟನೆ. 2007ರ ಜನವರಿಯಲ್ಲಿ ಸ್ಟ್ರೀಮಿಂಗ್ ಆರಂಭಿಸಿದ ನೆಟ್‌ಫ್ಲಿಕ್ಸ್, ಅದನ್ನು ಟಿವಿಗೆ ತಲುಪಿಸಲು ತನ್ನದೇ ಹೆಸರಿನ ಪೆಟ್ಟಿಗೆಯನ್ನು ಸಿದ್ಧಪಡಿಸುತ್ತಿತ್ತು. ಆ ಕೆಲಸಕ್ಕೆ ರೋಕು ಕಂಪನಿಯ ಸ್ಥಾಪಕ ಆ್ಯಂಟನಿ ವುಡ್ ಅವರನ್ನು ಕರೆಸಿಕೊಂಡಿತ್ತು. ಪೆಟ್ಟಿಗೆ ಸಿದ್ಧವಾಯಿತು, ಬಿಡುಗಡೆಗೆ ಕೆಲವೇ ವಾರಗಳು ಉಳಿದವು. ಆಗ, 2007ರ ಕೊನೆಯಲ್ಲಿ, ನೆಟ್‌ಫ್ಲಿಕ್ಸ್ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಆ ಯೋಜನೆಯನ್ನೇ ಕೈಬಿಟ್ಟರು. ಕಾರಣ ಸ್ಪಷ್ಟವಾಗಿತ್ತು. ನೆಟ್‌ಫ್ಲಿಕ್ಸ್ ತಾನೇ ಪೆಟ್ಟಿಗೆ ಮಾರಲು ಹೊರಟರೆ, ಪೆಟ್ಟಿಗೆ ಮಾರುವ ಇತರರೆಲ್ಲರಿಗೂ ಅದು ಪ್ರತಿಸ್ಪರ್ಧಿಯಾಗುತ್ತದೆ. ಪ್ರತಿಸ್ಪರ್ಧಿಯ ಸೇವೆಯನ್ನು ತಮ್ಮ ಯಂತ್ರದೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ? ಯೋಜನೆಯೂ ಅದರ ಎಂಜಿನಿಯರುಗಳೂ ರೋಕು ಕಂಪನಿಗೆ ಹೋದರು, ನೆಟ್‌ಫ್ಲಿಕ್ಸ್ ಅಲ್ಲಿ ಒಂದಿಷ್ಟು ಬಂಡವಾಳವನ್ನೂ ಹೂಡಿತು. 2008ರ ಮೇ 20ರಂದು ಅದೇ ಪೆಟ್ಟಿಗೆ ರೋಕು ಹೆಸರಿನಲ್ಲಿ 99.99 ಡಾಲರ್‌ಗೆ ಮಾರುಕಟ್ಟೆಗೆ ಬಂತು. ಅದರ ಹಿಂಭಾಗದಲ್ಲಿ ಕಾಂಪೋಸಿಟ್ ಕಿಂಡಿ ಇತ್ತು, ಹಳೆಯ ಟಿವಿಗೂ ಹೊಂದುತ್ತಿತ್ತು. ಒಳಗೆ ನೆಟ್‌ಫ್ಲಿಕ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ, ಆದರೆ ಆ ಒಂದರಲ್ಲೇ ಚಂದಾದಾರರಿಗೆ ಹೆಚ್ಚುವರಿ ಹಣವಿಲ್ಲದೆ ನೋಡಲು ಸಾವಿರಾರು ಶೀರ್ಷಿಕೆಗಳಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ 360ಕ್ಕೂ ನೆಟ್‌ಫ್ಲಿಕ್ಸ್ ಬಂದದ್ದನ್ನು ನೋಡಿದರೆ ಹೇಸ್ಟಿಂಗ್ಸ್ ಅವರ ಲೆಕ್ಕ ಸರಿಯಾಗಿತ್ತು ಎನ್ನಲೇಬೇಕು. ಸಿದ್ಧವಾಗಿರುವ ಯಂತ್ರವೊಂದನ್ನು ಬಿಡುಗಡೆ ಮಾಡದಿರುವ ಈ ನಿರ್ಧಾರವನ್ನು ನಾನು ಈ ಕ್ಷೇತ್ರದ ಅತ್ಯಂತ ಧೈರ್ಯದ ನಿರ್ಧಾರವೆಂದು ತಿಳಿಯುತ್ತೇನೆ.

ಈಗ 2010ರ ಶರತ್ಕಾಲಕ್ಕೆ ಬರೋಣ. ಸುಮಾರು ಹತ್ತು ವಾರಗಳ ಅವಧಿಯಲ್ಲಿ ನಾಲ್ಕು ಸಾಧನಗಳು ಒಂದರ ಮೇಲೊಂದು ಬಂದು ಬಿದ್ದ ಕಾಲ ಅದು. ಸೆಪ್ಟೆಂಬರ್ 1ರಂದು ಆ್ಯಪಲ್ ತನ್ನ ಎರಡನೆಯ ತಲೆಮಾರಿನ ಟಿವಿ ಪೆಟ್ಟಿಗೆಯನ್ನು ಪ್ರಕಟಿಸಿತು. ಹಾರ್ಡ್ ಡಿಸ್ಕ್ ಹೋಗಿತ್ತು, ಬೆಲೆ 99 ಡಾಲರ್‌ಗೆ ಇಳಿದಿತ್ತು, ಅದಕ್ಕಿಂತ ಮುಖ್ಯವಾಗಿ ಒಳಗೆ ನೆಟ್‌ಫ್ಲಿಕ್ಸ್ ಇತ್ತು. ಎಬಿಸಿ ಮತ್ತು ಫಾಕ್ಸ್ ವಾಹಿನಿಗಳ ಕಾರ್ಯಕ್ರಮಗಳನ್ನು ಕಂತಿಗೆ 99 ಸೆಂಟ್‌ನಂತೆ ಬಾಡಿಗೆಗೆ ಕೊಡುವ ಯೋಜನೆಯೂ ಇತ್ತು. ಅಮೆಜಾನ್ ಅದೇ ದಿನ, ಅದೇ 99 ಸೆಂಟ್‌ಗೆ, ಅನೇಕ ಕಾರ್ಯಕ್ರಮಗಳ ಕಂತುಗಳನ್ನು ಬಾಡಿಗೆಗಲ್ಲ, ಖರೀದಿಗೇ ಇಟ್ಟಿತು. ರೋಕು ಅದಕ್ಕೂ ಮುಂಚೆ, ಆಗಸ್ಟ್ ಮುಗಿಯುವ ಮೊದಲೇ, ತನ್ನ ಪೆಟ್ಟಿಗೆಗಳ ಬೆಲೆ ಇಳಿಸಿತ್ತು. ಸೆಪ್ಟೆಂಬರ್ ತಿಂಗಳಲ್ಲೇ 59.99 ಡಾಲರ್‌ನಿಂದ ಆರಂಭವಾಗುವ ಹೊಸ ಮಾದರಿಗಳನ್ನೂ ತಂದಿತು. ಸಣ್ಣ ಕಂಪನಿಯೊಂದು ದೊಡ್ಡ ಕಂಪನಿಯ ಸಮಾರಂಭದ ದಿನಾಂಕವನ್ನು ತನ್ನ ಜಾಹೀರಾತಿಗೆ ಬಳಸಿಕೊಂಡ ರೀತಿಯಿದು. ಆ ವಾರ ಆ್ಯಪಲ್ ಟಿವಿಯ ಬಗ್ಗೆ ಬರೆದವರು ಹೋಲಿಕೆಗೆಂದಾದರೂ ರೋಕು ಹೆಸರನ್ನು ಬರೆಯಬೇಕಾಯಿತು.

ಅಕ್ಟೋಬರ್‌ನಲ್ಲಿ ಗೂಗಲ್ ಟಿವಿ ಎಂಬ ತಂತ್ರಾಂಶ ಬಂತು. ಮೇ ತಿಂಗಳ ಗೂಗಲ್ ಸಮ್ಮೇಳನದಲ್ಲಿ ಅದನ್ನು ಪ್ರಕಟಿಸಿ, ಹಬ್ಬಕ್ಕೆ ಮುಂಚೆ ಅಂಗಡಿಗೆ ಬರುತ್ತದೆ ಎಂದು ಮಾತು ಕೊಡಲಾಗಿತ್ತು. ಸೋನಿ ಅದನ್ನು ತನ್ನ ಟಿವಿಗಳಲ್ಲಿ ಅಳವಡಿಸಿತು. ಕಂಪ್ಯೂಟರ್ ಮೌಸ್‌ಗಳಿಗೆ ಹೆಸರಾದ ಲಾಜಿಟೆಕ್, ರೆವ್ಯೂ ಎಂಬ ಪೆಟ್ಟಿಗೆಯನ್ನು 299 ಡಾಲರ್‌ಗೆ ತಂದಿತು. ಇದರೊಂದಿಗೆ ಪೂರ್ಣ ಗಾತ್ರದ ನಿಸ್ತಂತು ಕೀಬೋರ್ಡ್ ಬರುತ್ತಿತ್ತು. ಆ್ಯಪಲ್ ಟಿವಿ ಆಗಲೇ 99 ಡಾಲರ್‌ಗೆ ಸಿಗುತ್ತಿದ್ದಾಗ ಇದರ ಬೆಲೆ ಮೂರು ಪಟ್ಟು. ಬೆಲೆಯಾದರೂ ಆಮೇಲೆ ಇಳಿಸಬಹುದಾದ ಸಂಗತಿ. ಇಳಿಸಲಾಗದ ಕಷ್ಟ ಬೇರೆ ಇತ್ತು. ಗೂಗಲ್ ಟಿವಿಯ ಮೂಲ ಕಲ್ಪನೆ ಏನೆಂದರೆ, ಇಂಟರ್ನೆಟ್‌ನಲ್ಲಿ ಎಲ್ಲಿಯೇ ಇರುವ ವಿಡಿಯೊವನ್ನಾದರೂ ಹುಡುಕಿ ಟಿವಿಯಲ್ಲಿ ತೋರಿಸುವುದು. ಎಬಿಸಿ, ಸಿಬಿಎಸ್, ಎನ್‌ಬಿಸಿ ವಾಹಿನಿಗಳು ತಮ್ಮ ಕಾರ್ಯಕ್ರಮಗಳನ್ನು ತಮ್ಮದೇ ಜಾಲತಾಣಗಳಲ್ಲಿ ಉಚಿತವಾಗಿ ಇಟ್ಟಿದ್ದವು. ಆದರೆ ಅದು ಕಂಪ್ಯೂಟರ್‌ನಲ್ಲಿ ನೋಡುವವರಿಗೆಂದು ಇಟ್ಟದ್ದು. ಟಿವಿಯಲ್ಲಿ ಅದೇ ಕಾರ್ಯಕ್ರಮಕ್ಕೆ ಕೇಬಲ್ ಕಂಪನಿಗಳಿಂದ ಹಣ ಬರುತ್ತಿತ್ತು, ಜಾಹೀರಾತಿನ ದರವೂ ಹೆಚ್ಚಿತ್ತು. ಆದ್ದರಿಂದ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಆ ವಾಹಿನಿಗಳು ಗೂಗಲ್ ಟಿವಿಗೆ ಬಾಗಿಲು ಮುಚ್ಚಿದವು.

ಎಂಜಿನಿಯರಿಂಗ್ ಓದುತ್ತಿರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾವುದೇ ಬ್ರೌಸರ್ ಒಂದು ಜಾಲತಾಣವನ್ನು ತೆರೆಯುವಾಗ ತಾನು ಯಾರು, ಯಾವ ಯಂತ್ರದಲ್ಲಿದ್ದೇನೆ ಎಂದು ಹೇಳಿಕೊಳ್ಳುತ್ತದೆ. ವಾಹಿನಿಗಳ ಸರ್ವರ್ ಆ ಗುರುತನ್ನು ನೋಡಿ, ಗೂಗಲ್ ಟಿವಿ ಎಂದಾದರೆ ವಿಡಿಯೊ ಬದಲು ಇಲ್ಲಿ ಲಭ್ಯವಿಲ್ಲ ಎಂಬ ಸೂಚನೆಯನ್ನು ಕಳುಹಿಸುತ್ತಿತ್ತು. ಮುನ್ನೂರು ಡಾಲರ್ ಕೊಟ್ಟವರು ಸೋಫಾದಲ್ಲಿ ಕುಳಿತು, ಕೀಬೋರ್ಡ್ ತೊಡೆಯ ಮೇಲಿಟ್ಟುಕೊಂಡು ತಮಗೆ ಬೇಕಾದ ಧಾರಾವಾಹಿಯ ಹೆಸರನ್ನು ಟೈಪ್ ಮಾಡುತ್ತಾರೆ, ಹುಡುಕಾಟದಲ್ಲಿ ಅದು ಸಿಗುತ್ತದೆ, ಒತ್ತಿದರೆ ಸೂಚನೆ ಬರುತ್ತದೆ. ಪಕ್ಕದಲ್ಲಿಯೇ ಇರುವ ಲ್ಯಾಪ್‌ಟಾಪ್‌ನಲ್ಲಿ ಅದೇ ಕೊಂಡಿ ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲ. ಸಹಿಯಾಗದ ಒಂದು ಒಪ್ಪಂದ ಆ ಪರದೆಯ ಮೇಲೆ ಹಾಗೆ ಕಾಣಿಸಿಕೊಂಡಿತು.

ಲಾಜಿಟೆಕ್ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 2011ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಮಾರಾಟವಾದ ರೆವ್ಯೂಗಳಿಗಿಂತ ಅಂಗಡಿಗಳಿಂದ ಹಿಂದಿರುಗಿ ಬಂದವುಗಳೇ ಹೆಚ್ಚಾದವು. ಬೆಲೆಯನ್ನು 99 ಡಾಲರ್‌ಗೆ ಇಳಿಸಲಾಯಿತು, ಕಂಪನಿಯ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ಬಿಟ್ಟರು. ಅವರ ಸ್ಥಾನಕ್ಕೆ ತಾತ್ಕಾಲಿಕವಾಗಿ ಬಂದ ಅಧ್ಯಕ್ಷ ಗೆರಿನೊ ಡಿ ಲೂಕಾ ಅವರು ಆ ವರ್ಷದ ನವೆಂಬರ್‌ನಲ್ಲಿ ಹೂಡಿಕೆದಾರರ ಮುಂದೆ, ಇನ್ನೂ ಪರೀಕ್ಷಾ ಹಂತದಲ್ಲಿದ್ದ ಉತ್ಪನ್ನವನ್ನು ಪೂರ್ಣ ಪ್ರಮಾಣದಲ್ಲಿ ಬಿಡುಗಡೆ ಮಾಡಿದ್ದು ದೊಡ್ಡ ತಪ್ಪೆಂದು ಒಪ್ಪಿಕೊಂಡರು. ಕಾರ್ಯಾಚರಣೆಯ ಲಾಭದಲ್ಲಿ ಆದ ನಷ್ಟ 10 ಕೋಟಿ ಡಾಲರ್‌ಗಿಂತ ಹೆಚ್ಚು ಎಂದೂ ಹೇಳಿದರು. ಹಬ್ಬದ ಸುಗ್ಗಿಯನ್ನು ತಪ್ಪಿಸಿಕೊಳ್ಳಬಾರದೆಂಬ ಆತುರ ಇಲ್ಲಿ ಎದ್ದು ಕಾಣುತ್ತದೆ.

2010ರ ನವೆಂಬರ್‌ನಲ್ಲಿ ಬಂದ ನಾಲ್ಕನೆಯ ಸಾಧನ ಡಿ-ಲಿಂಕ್ ತಯಾರಿಸಿದ ಬಾಕ್ಸೀ ಬಾಕ್ಸ್. ಜನವರಿಯಲ್ಲಿ ತೋರಿಸಿ, ವರ್ಷದ ಮಧ್ಯದಲ್ಲಿ ಬರುತ್ತದೆ ಎಂದಿದ್ದರು. ನಡುವೆ ಎನ್‌ವಿಡಿಯಾ ಚಿಪ್ ಬಿಟ್ಟು ಇಂಟೆಲ್ ಚಿಪ್‌ಗೆ ಬದಲಾದದ್ದರಿಂದ ತಡವಾಯಿತು. ತಾಂತ್ರಿಕವಾಗಿ ಆ ಬದಲಾವಣೆ ಸರಿಯೇ, ಉನ್ನತ ಗುಣಮಟ್ಟದ ವಿಡಿಯೊವನ್ನು ಅದು ಚೆನ್ನಾಗಿ ತೋರಿಸುತ್ತಿತ್ತು. ಆದರೆ ಅದು ಬರುವಷ್ಟರಲ್ಲಿ 99 ಡಾಲರ್ ಎಂಬ ಬೆಲೆ ಜನರ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು, ಇದರ ಬೆಲೆ ಅದಕ್ಕೆ ಎರಡು ಪಟ್ಟು. ಬಿಡುಗಡೆಯ ದಿನ ನೆಟ್‌ಫ್ಲಿಕ್ಸ್ ಅದರಲ್ಲಿರಲಿಲ್ಲ, ಮರುವರ್ಷ ಬಂತು. 2013ರಲ್ಲಿ ಬಾಕ್ಸೀ ಕಂಪನಿಯನ್ನು ಸ್ಯಾಮ್‌ಸಂಗ್ ಕೊಂಡುಕೊಂಡಿತು. ಆ್ಯಪಲ್ ಮಾತ್ರ 2010ರ ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ ಹತ್ತು ಲಕ್ಷ ಪೆಟ್ಟಿಗೆಗಳ ಮಾರಾಟವನ್ನು ಮುಟ್ಟುತ್ತಿದ್ದೇವೆ ಎಂದು ಘೋಷಿಸಿತು.

ಗೂಗಲ್‌ನಂತಹ ಕಂಪನಿ ಒಮ್ಮೆ ಎಡವಿದ ಮೇಲೆ ಏನು ಮಾಡುತ್ತದೆ ಎಂಬುದೂ ತಿಳಿಯಬೇಕಾದ ವಿಷಯ. 2012ರ ಜೂನ್‌ನಲ್ಲಿ ಅದು ನೆಕ್ಸಸ್ ಕ್ಯೂ ಎಂಬ, ಚೆಂಡಿನಾಕಾರದ, ಅಮೆರಿಕದಲ್ಲಿಯೇ ತಯಾರಾದ ಸಾಧನವನ್ನು 299 ಡಾಲರ್ ಬೆಲೆಯೊಂದಿಗೆ ಪ್ರಕಟಿಸಿತು. ಅದು ತೋರಿಸುತ್ತಿದ್ದದ್ದು ಗೂಗಲ್‌ನ ಸ್ವಂತ ಸೇವೆಗಳನ್ನು ಮಾತ್ರ. ವಿಮರ್ಶಕರು ಇದನ್ನು ಯಾರಾದರೂ ಯಾಕೆ ಕೊಳ್ಳಬೇಕು ಎಂದು ಕೇಳಿದರು. ಸುಮಾರು ಒಂದು ತಿಂಗಳಲ್ಲಿ ಗೂಗಲ್ ಬಿಡುಗಡೆಯನ್ನು ಮುಂದೂಡಿ, ಮುಂಗಡ ಕಾಯ್ದಿರಿಸಿದ್ದವರಿಗೆ ಅದನ್ನು ಉಚಿತವಾಗಿ ಕಳುಹಿಸಿಕೊಟ್ಟಿತು. ಆಮೇಲೆ ಅದು ಮಾರಾಟಕ್ಕೆ ಬರಲೇ ಇಲ್ಲ. ಸುಮಾರು ಒಂದು ವರ್ಷದ ನಂತರ, 2013ರ ಜುಲೈ 24ರಂದು, ಅದೇ ಕಂಪನಿ 35 ಡಾಲರ್‌ಗೆ ಕ್ರೋಮ್‌ಕಾಸ್ಟ್ ತಂದಿತು. ರಿಮೋಟ್ ಇಲ್ಲ, ಮೆನು ಇಲ್ಲ. ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿ, ಟಿವಿಯ ಯುಎಸ್‌ಬಿಯಿಂದಲೇ ವಿದ್ಯುತ್ ಕೊಟ್ಟು, ಕೈಯಲ್ಲಿರುವ ಫೋನಿನಿಂದ ನಡೆಸುವ ಒಂದು ಡಾಂಗಲ್. ಮೊದಲ ದಿನವೇ ನೆಟ್‌ಫ್ಲಿಕ್ಸ್ ಇತ್ತು, ಮೂರು ತಿಂಗಳ ಉಚಿತ ಚಂದಾ ಕೂಡ ಇತ್ತು. ಬೇಡಿಕೆ ಎಷ್ಟಿತ್ತೆಂದರೆ ಆ ಉಚಿತ ಕೊಡುಗೆಯನ್ನು ತಕ್ಷಣವೇ ನಿಲ್ಲಿಸಬೇಕಾಯಿತು. 2015ರ ಮಾರ್ಚ್‌ನಲ್ಲಿ ಆ್ಯಪಲ್ ತಾನು ಎಂಟು ವರ್ಷಗಳಲ್ಲಿ ಎರಡೂವರೆ ಕೋಟಿ ಟಿವಿ ಪೆಟ್ಟಿಗೆಗಳನ್ನು ಮಾರಿದ್ದಾಗಿ ಹೇಳಿತು. ಎರಡು ತಿಂಗಳ ಬಳಿಕ ಗೂಗಲ್, ಎರಡು ವರ್ಷವೂ ತುಂಬದ ಕ್ರೋಮ್‌ಕಾಸ್ಟ್ 1 ಕೋಟಿ 70 ಲಕ್ಷ ಮಾರಾಟವಾಗಿದೆ ಎಂದಿತು.

ಆ್ಯಪಲ್ ಈ ಅವಧಿಯಲ್ಲಿ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. 2012ರ ಮಾರ್ಚ್‌ನ ಮಾದರಿಯ ನಂತರ 2015ರ ಸೆಪ್ಟೆಂಬರ್‌ವರೆಗೆ, ಮೂರೂವರೆ ವರ್ಷ, ಅದು ಹೊಸ ಪೆಟ್ಟಿಗೆಯನ್ನೇ ಪ್ರಕಟಿಸಲಿಲ್ಲ. ಬದಲಿಗೆ 2015ರ ಮಾರ್ಚ್ 9ರಂದು ಹಳೆಯ ಪೆಟ್ಟಿಗೆಯ ಬೆಲೆಯನ್ನು 69 ಡಾಲರ್‌ಗೆ ಇಳಿಸಿ, ಕೇಬಲ್ ಇಲ್ಲದೆ ನೋಡಬಹುದಾದ, ಅಮೆರಿಕದ ಎಚ್‌ಬಿಒ ವಾಹಿನಿಯ ಸೇವೆ ಮೊದಲ ಮೂರು ತಿಂಗಳು ಸ್ಟ್ರೀಮಿಂಗ್ ಪೆಟ್ಟಿಗೆಗಳಲ್ಲಿ ತನ್ನದರಲ್ಲಿ ಮಾತ್ರ ಇರುವಂತೆ ಒಪ್ಪಂದ ಮಾಡಿಕೊಂಡಿತು. ಎಚ್‌ಬಿಒದ ಅತ್ಯಂತ ಜನಪ್ರಿಯ ಧಾರಾವಾಹಿಯ ಹೊಸ ಸರಣಿ ಏಪ್ರಿಲ್‌ನಲ್ಲಿ ಆರಂಭವಾಗುವುದಿತ್ತು. ಯಂತ್ರ ಹಳೆಯದಾದರೂ ಒಪ್ಪಂದ ಹೊಸದಾಗಿದ್ದರೆ ಅದೂ ಒಂದು ಬಿಡುಗಡೆಯೇ.

ಅಮೆಜಾನ್‌ನ ದಾರಿ ಬೇರೆ. 2014ರ ಏಪ್ರಿಲ್ 2ರಂದು ಫೈರ್ ಟಿವಿ ಎಂಬ ತನ್ನ ಪೆಟ್ಟಿಗೆಯನ್ನು ಪ್ರಕಟಿಸಿದ ದಿನವೇ ಅದು ಸರಕನ್ನು ಗ್ರಾಹಕರಿಗೆ ಕಳುಹಿಸಲು ಆರಂಭಿಸಿತು. ಹಬ್ಬವಿಲ್ಲದ ಏಪ್ರಿಲ್‌ನಲ್ಲಿ ಇದನ್ನು ಮಾಡಲು ಸಾಧ್ಯವಾದದ್ದು, ಅಂಗಡಿಯೇ ಅದರದಾಗಿದ್ದರಿಂದ. ಯಾರ ಕಪಾಟಿನಲ್ಲೂ ಜಾಗಕ್ಕಾಗಿ ಅದು ಕಾಯಬೇಕಾಗಿರಲಿಲ್ಲ. ಅದೇ ವರ್ಷ ಅಕ್ಟೋಬರ್ 27ರಂದು 39 ಡಾಲರ್‌ನ ಫೈರ್ ಟಿವಿ ಸ್ಟಿಕ್ ಪ್ರಕಟವಾಯಿತು, ಪ್ರೈಮ್ ಸದಸ್ಯರಿಗೆ ಎರಡು ದಿನಗಳ ಮಟ್ಟಿಗೆ ಅದರ ಬೆಲೆ 19 ಡಾಲರ್. ಅಷ್ಟು ಕಡಿಮೆ ಬೆಲೆಗೆ ಮಾರುವ ಕಂಪನಿ ಸ್ಟಿಕ್‌ನಿಂದ ಲಾಭವನ್ನು ನಿರೀಕ್ಷಿಸುವುದಿಲ್ಲ, ಪ್ರೈಮ್ ಸದಸ್ಯತ್ವದಿಂದ ನಿರೀಕ್ಷಿಸುತ್ತದೆ. ಆದರೆ ಅಂಗಡಿಯೂ ತಾನೇ, ಸ್ಪರ್ಧಿಯೂ ತಾನೇ ಆದಾಗ ಏನಾಗುತ್ತದೆ ಎಂಬುದನ್ನು 2015ರ ಅಕ್ಟೋಬರ್‌ನಲ್ಲಿ ಲೋಕ ಕಂಡಿತು. ಹೊಸ ಆ್ಯಪಲ್ ಟಿವಿ ಮತ್ತು ಹೊಸ ಕ್ರೋಮ್‌ಕಾಸ್ಟ್ ಬರುತ್ತಿದ್ದ ಸುಗ್ಗಿಯ ಹೊಸ್ತಿಲಲ್ಲೇ ಅಮೆಜಾನ್ ಅವೆರಡನ್ನೂ ತನ್ನ ತಾಣದಲ್ಲಿ ಮಾರುವುದಿಲ್ಲ ಎಂದು ತೀರ್ಮಾನಿಸಿತು. ಆ ತೀರ್ಮಾನ ಸಡಿಲವಾಗಲು 2017ರ ಡಿಸೆಂಬರ್ ಬರಬೇಕಾಯಿತು. ಮುಂದೆ ಗೂಗಲ್ ತನ್ನ ಯೂಟ್ಯೂಬನ್ನು ಫೈರ್ ಟಿವಿಯಿಂದ ಹಿಂತೆಗೆದುಕೊಂಡಿತು, ಅದು ಮರಳಿದ್ದು 2019ರ ಜುಲೈನಲ್ಲಿ. ಈ ಜಗಳದಲ್ಲಿ ನಷ್ಟವಾದದ್ದು ಹಣ ಕೊಟ್ಟು ಕೊಂಡ ಗ್ರಾಹಕರಿಗೆ. ಇದನ್ನು ವ್ಯಾಪಾರದ ಸಹಜ ಚತುರತೆ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ.

2020ರ ಹೊತ್ತಿಗೆ ಪೆಟ್ಟಿಗೆಗಳ ಒಡೆಯರು ಎಷ್ಟು ಬಲಿತಿದ್ದರೆಂದರೆ, ಈಗ ಕಾಯಬೇಕಾದ ಸರದಿ ಸಿನಿಮಾ, ಧಾರಾವಾಹಿಗಳ ಒಡೆಯರದಾಯಿತು. ಎಚ್‌ಬಿಒ ಮ್ಯಾಕ್ಸ್ ಸೇವೆ ಆ ವರ್ಷದ ಮೇ 27ರಂದು ಆರಂಭವಾದಾಗ ರೋಕು ಮತ್ತು ಫೈರ್ ಟಿವಿ ಎರಡರಲ್ಲಿಯೂ ಅದು ಇರಲಿಲ್ಲ. ತಲಾ ಸುಮಾರು ನಾಲ್ಕು ಕೋಟಿ ಬಳಕೆದಾರರಿದ್ದ ವೇದಿಕೆಗಳು ಅವು. ಜಾಹೀರಾತಿನ ಪಾಲು ಯಾರಿಗೆ, ಗ್ರಾಹಕರ ಮಾಹಿತಿ ಯಾರ ಕೈಯಲ್ಲಿ ಎಂಬುದು ತಕರಾರು. ಫೈರ್ ಟಿವಿಗೆ ನವೆಂಬರ್‌ನಲ್ಲಿ, ರೋಕುಗೆ ಡಿಸೆಂಬರ್ 17ರಂದು ಅದು ಬಂತು. ಕ್ರಿಸ್‌ಮಸ್ ದಿನ ದೊಡ್ಡ ಸಿನಿಮಾವೊಂದನ್ನು ಚಿತ್ರಮಂದಿರದ ಜೊತೆಗೇ ಅದೇ ಸೇವೆಯಲ್ಲಿ ಬಿಡುಗಡೆ ಮಾಡುವುದೆಂದು ಘೋಷಿಸಿಯಾಗಿತ್ತು, ಹಾಗಾಗಿ ಇನ್ನೂ ಎಳೆದಾಡಲು ಸಮಯವಿರಲಿಲ್ಲ. ರೋಕುವಿನ ಲೆಕ್ಕಪತ್ರ ಇದನ್ನು ಮೊದಲೇ ಹೇಳುತ್ತಿತ್ತು. 2018ರಲ್ಲಿಯೇ ಅದಕ್ಕೆ ಪೆಟ್ಟಿಗೆ ಮಾರಾಟದಿಂದ ಬಂದ ಆದಾಯಕ್ಕಿಂತ, ಜಾಹೀರಾತು ಮತ್ತು ಚಂದಾ ಪಾಲಿನಿಂದ ಬಂದ ಆದಾಯ ಹೆಚ್ಚಾಗಿತ್ತು.

ನಮ್ಮ ದೇಶದ ಕಥೆ ಇದರ ಪಡಿಯಚ್ಚಲ್ಲ. ಕ್ರೋಮ್‌ಕಾಸ್ಟ್ ಭಾರತಕ್ಕೆ ಬಂದದ್ದು 2014ರ ಡಿಸೆಂಬರ್‌ನಲ್ಲಿ, 2,999 ರೂಪಾಯಿಗೆ. ಆಗ ಇಲ್ಲಿ ನೆಟ್‌ಫ್ಲಿಕ್ಸ್ ಇರಲಿಲ್ಲ, ಅದು ಬಂದದ್ದು 2016ರ ಜನವರಿಯಲ್ಲಿ. ಹಾಟ್‌ಸ್ಟಾರ್ ಹುಟ್ಟಿದ್ದು 2015ರ ಫೆಬ್ರುವರಿಯಲ್ಲಿ, ವಿಶ್ವಕಪ್ ಕ್ರಿಕೆಟ್ ಆರಂಭವಾಗುವ ಮುನ್ನಾ ದಿನಗಳಲ್ಲಿ. ಅನೇಕ ಮನೆಗಳಲ್ಲಿ ಇದ್ದದ್ದು ಎಚ್‌ಡಿಎಂಐ ಕಿಂಡಿಯೇ ಇಲ್ಲದ ಹಳೆಯ ಟಿವಿ, ಜೊತೆಗೆ ತಿಂಗಳ ಡೇಟಾ ಮುಗಿದ ಕೂಡಲೇ ನಿಧಾನವಾಗುವ ಇಂಟರ್ನೆಟ್. ಸಾಧನ ಬಂತು, ಸರಕು ಬಂದಿರಲಿಲ್ಲ. ಅಮೆಜಾನ್ ಈ ಕ್ರಮವನ್ನು ತಿರುಗಿಸಿತು. 2016ರ ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೊ ತಂದು, ಜನ ಅದನ್ನು ಫೋನಿನಲ್ಲಿ ನೋಡಿ ರೂಢಿ ಮಾಡಿಕೊಂಡ ಮೇಲೆ, 2017ರ ಏಪ್ರಿಲ್‌ನಲ್ಲಿ 3,999 ರೂಪಾಯಿಗೆ ಫೈರ್ ಟಿವಿ ಸ್ಟಿಕ್ ತಂದಿತು.

ದಿನಾಂಕದ ಪೈಪೋಟಿ ಇಲ್ಲಿ ಟೆಲಿಕಾಂ ಕಂಪನಿಗಳ ನಡುವೆ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ಜಿಯೊ ಫೈಬರ್ 2019ರ ಸೆಪ್ಟೆಂಬರ್ 5ರಂದು ಆರಂಭವಾಗುತ್ತದೆ, ಅದರ ಜೊತೆ ಸೆಟ್ ಟಾಪ್ ಬಾಕ್ಸ್ ಬರುತ್ತದೆ ಎಂದು ರಿಲಯನ್ಸ್ ಆಗಸ್ಟ್ 12ರ ವಾರ್ಷಿಕ ಸಭೆಯಲ್ಲಿ ಘೋಷಿಸಿತು. ಏರ್‌ಟೆಲ್ ತನ್ನ ಎಕ್ಸ್‌ಸ್ಟ್ರೀಮ್ ಬಾಕ್ಸ್ ಮತ್ತು ಸ್ಟಿಕ್ ಎರಡನ್ನೂ ಸೆಪ್ಟೆಂಬರ್ 2ರಂದು ಹೊರತಂದಿತು. ನಾನು ಆರಂಭದಲ್ಲಿ ಹೇಳಿದ ನೆಟ್‌ಫ್ಲಿಕ್ಸ್‌ನ ಒಂದು ದಿನದ ಅಂತರ ಇಲ್ಲಿ ಮೂರು ದಿನವಾಯಿತು. ದಸರಾ, ದೀಪಾವಳಿಯ ಮಾರಾಟದ ಜೊತೆಗೆ ಭಾರತದಲ್ಲಿ ಇನ್ನೊಂದು ಮುಹೂರ್ತವೂ ಇದೆ, ಅದು ಐಪಿಎಲ್. ಡಿಸ್ನಿ ತನ್ನ ಸೇವೆಯನ್ನು ಹಾಟ್‌ಸ್ಟಾರ್ ಮೂಲಕ ಇಲ್ಲಿಗೆ ತರಲು ಆರಿಸಿಕೊಂಡದ್ದು 2020ರ ಮಾರ್ಚ್ 29, ಐಪಿಎಲ್ ಆರಂಭದ ದಿನ. ಕೋವಿಡ್‌ನಿಂದ ಪಂದ್ಯಗಳು ಮುಂದಕ್ಕೆ ಹೋದವು, ಸೇವೆ ಏಪ್ರಿಲ್ 3ರಂದು ಆರಂಭವಾಯಿತು. 2023ರಲ್ಲಿ ಜಿಯೊಸಿನಿಮಾ ಐಪಿಎಲ್ ಅನ್ನು ಉಚಿತವಾಗಿ, ಕನ್ನಡವೂ ಸೇರಿ 12 ಭಾಷೆಗಳ ವೀಕ್ಷಕ ವಿವರಣೆಯೊಂದಿಗೆ ತೋರಿಸಿದಾಗ, ಇಂಟರ್ನೆಟ್‌ಗೆ ಜೋಡಿಸಿದ ಟಿವಿಯ ಮುಂದೆ ಮನೆಮಂದಿಯೆಲ್ಲ ಕುಳಿತು ಕನ್ನಡದ ವಿವರಣೆಯನ್ನು ಆರಿಸಿಕೊಂಡು ಪಂದ್ಯ ನೋಡುವುದು ಸಾಧ್ಯವಾಯಿತು.

ಕೊನೆಯದಾಗಿ ಪೈಪೋಟಿಯ ಕಾನೂನಿನ ಬಗ್ಗೆ. ಇಂದು ಸ್ಟಿಕ್‌ನ ಕೆಲಸ ಟಿವಿಯೊಳಗೇ ಸೇರಿಹೋಗುತ್ತಿದೆ, ಆದ್ದರಿಂದ ಟಿವಿಯ ಆಪರೇಟಿಂಗ್ ಸಿಸ್ಟಮ್ ಯಾರದು ಎಂಬುದೇ ಈಗಿನ ಪೈಪೋಟಿ. ಅಮೆಜಾನ್‌ನ ಫೈರ್ ಟಿವಿ ಬೆಳೆದದ್ದು ಆಂಡ್ರಾಯ್ಡ್‌ನ ಕವಲಾಗಿ, ಅಂದರೆ ಗೂಗಲ್‌ನ ಆ ತಂತ್ರಾಂಶವನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡ ಆವೃತ್ತಿಯಾಗಿ. ಗೂಗಲ್‌ನ ಪ್ಲೇ ಸ್ಟೋರ್ ಇರುವ ಟಿವಿಗಳನ್ನು ಮಾರಬೇಕೆಂದರೆ ತಯಾರಕರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು, ಆ ಒಪ್ಪಂದದ ಪ್ರಕಾರ ಅವರು ಆಂಡ್ರಾಯ್ಡ್‌ನ ಬೇರೆ ಕವಲುಗಳಿರುವ ಸಾಧನಗಳನ್ನು ತಯಾರಿಸುವಂತಿರಲಿಲ್ಲ. ಅಂದರೆ ಮೊಬೈಲನ್ನೂ ಟಿವಿಯನ್ನೂ ಮಾರುವ ಕಂಪನಿಯೊಂದು ಫೈರ್ ಟಿವಿಯ ಒಂದು ಮಾದರಿಯನ್ನು ತರಲು ಹೊರಟರೆ, ಗೂಗಲ್ ಜೊತೆಗಿನ ಉಳಿದ ವ್ಯವಹಾರವೆಲ್ಲ ಅಪಾಯಕ್ಕೆ ಸಿಕ್ಕುತ್ತಿತ್ತು. ಎಷ್ಟೋ ಉತ್ಪನ್ನಗಳ ಬಿಡುಗಡೆಯ ದಿನವೇ ನಿಗದಿಯಾಗದಂತೆ ತಡೆಯಬಲ್ಲ ಕರಾರು ಇದು. ಇಬ್ಬರು ವಕೀಲರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2021ರ ಜೂನ್‌ನಲ್ಲಿ ತನಿಖೆಗೆ ಆದೇಶಿಸಿತು. ತನಿಖೆ ನಡೆಯುತ್ತಿದ್ದಾಗಲೇ, 2023ರ ಮಾರ್ಚ್‌ನಲ್ಲಿ, ಶಓಮಿ ತನ್ನ ರೆಡ್‌ಮಿ ಹೆಸರಿನಲ್ಲಿ ಫೈರ್ ಟಿವಿ ಇರುವ 32 ಇಂಚಿನ ಟಿವಿಯನ್ನು ಇಲ್ಲಿ ಮಾರಾಟಕ್ಕೆ ತಂದಿತು. 2025ರ ಏಪ್ರಿಲ್‌ನಲ್ಲಿ ಗೂಗಲ್ 20.24 ಕೋಟಿ ರೂಪಾಯಿ ಪಾವತಿಸಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು. ಭಾರತದಲ್ಲಿ ಮಾರುವ ಸ್ಮಾರ್ಟ್ ಟಿವಿಗಳಿಗೆ ಪ್ಲೇ ಸ್ಟೋರ್ ಮತ್ತು ಪ್ಲೇ ಸರ್ವೀಸಸ್‌ಗೆ ಪ್ರತ್ಯೇಕ ಪರವಾನಗಿಯನ್ನು ಶುಲ್ಕದ ಮೇಲೆ ಕೊಡಲು ಒಪ್ಪಿತು. ಇನ್ನು ಮುಂದೆ ತಯಾರಕರು ಒಂದೇ ದೀಪಾವಳಿಗೆ ಗೂಗಲ್‌ನ ವ್ಯವಸ್ಥೆಯ ಟಿವಿಯನ್ನೂ ಬೇರೊಂದು ಕವಲಿನ ಟಿವಿಯನ್ನೂ ಅಕ್ಕಪಕ್ಕದಲ್ಲಿಟ್ಟು ಮಾರಲು ಈ ಕರಾರು ಅಡ್ಡ ಬರಬಾರದು. ಅವರಲ್ಲಿ ಎಷ್ಟು ಮಂದಿ ಶುಲ್ಕ ಕೊಟ್ಟು ಆ ಪರವಾನಗಿಯನ್ನು ಪಡೆಯುತ್ತಾರೆ ಎಂಬುದನ್ನು ಮುಂದಿನ ಕೆಲವು ಹಬ್ಬಗಳ ಟಿವಿ ಮಾದರಿಗಳಲ್ಲಿ ನಾವು ನೋಡಬೇಕಾಗಿದೆ.